ತುಂಗಭದ್ರೆಯ ನೆರೆಯನ್ನು ಮುಂಚಿತವಾಗಿ ಅರಿಯುವ ಬಗೆ: ಹೊನ್ನಾಳಿ, ಹರಿಹರದ ನದಿದಂಡೆಯವರಿಗೆ

ದಾವಣಗೆರೆಯಲ್ಲಿ ಬಿಸಿಲಿದ್ದ ದಿನವೂ ತುಂಗಭದ್ರೆ ದಂಡೆ ಮೀರಿ ಹರಿಯಬಹುದು. ಆದ್ದರಿಂದ ಹೊಳೆಯಂಚಿನಲ್ಲಿ ಗದ್ದೆ, ತೋಟ, ಮನೆ ಇರುವವರು ತಮ್ಮೂರಿನ ಮೋಡಕ್ಕಿಂತ ಮೊದಲು ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ ಸೀಮೆಯ ಮಳೆಯನ್ನು ಗಮನಿಸಬೇಕು. ಅರಬ್ಬೀ ಸಮುದ್ರದಿಂದ ಬರುವ ತೇವಭರಿತ ಮುಂಗಾರು ಗಾಳಿಯು ಪಶ್ಚಿಮ ಘಟ್ಟಕ್ಕೆ ತಡೆದು ಮೇಲೇರುತ್ತ ತಣಿದು, ಹೊತ್ತ ನೀರಿನ ಬಹುಪಾಲನ್ನು ಅಲ್ಲಿಯೇ ಸುರಿಸುತ್ತದೆ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ. ದಾಟುತ್ತದೆ, ಘಟ್ಟದ ಮರೆಯಲ್ಲಿರುವ ನಮಗೆ ಸಿಗುವುದು ಅದರ ಹತ್ತನೆಯ ಒಂದು ಪಾಲಿನಷ್ಟು.

ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಸುದ್ದಿಯಿದ್ದರೆ ಎಚ್ಚರಗೊಳ್ಳಿ, ಏಕೆಂದರೆ ಅದು ಪಶ್ಚಿಮದ ಗಾಳಿಯನ್ನು ಇನ್ನಷ್ಟು ಬಿರುಸಾಗಿಸುತ್ತದೆ. 24 ಗಂಟೆಗಳಲ್ಲಿ 64.5 ಮಿ.ಮೀ. ಮೀರಿದ್ದನ್ನು ಇಲಾಖೆ ಭಾರೀ ಮಳೆ ಎನ್ನುತ್ತದೆ. ನನ್ನ ಅಭಿಪ್ರಾಯದಲ್ಲಿ ಒಂದು ದಿನದ ಅಂಕಿಗಿಂತ, ಮಳೆ ಎಷ್ಟು ದಿನ ಬಿಡದೆ ಹಿಡಿದಿದೆ ಎಂಬುದೇ ಮುಖ್ಯ. ಜೂನ್‌ನ ಮೊದಲ ಮಳೆಯನ್ನು ಒಣಗಿದ ನೆಲ ಕುಡಿಯುತ್ತದೆ. ಪುನರ್ವಸು, ಪುಷ್ಯ ಮಳೆಗಳ ಹೊತ್ತಿಗೆ ನೆಲ ನೀರು ಕುಡಿದು ತಣಿದಿರುವುದರಿಂದ, ಅಷ್ಟೇ ಮಳೆಯ ಹೆಚ್ಚಿನ ಪಾಲು ಇಳಿಜಾರಿನಲ್ಲಿ ನೇರವಾಗಿ ಹಳ್ಳ ಸೇರುತ್ತದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ಆವಿಯನ್ನು ಹಿಡಿದಿಡಬಲ್ಲದು. ಅಲ್ಪ ಅವಧಿಯಲ್ಲಿ ಸುರಿಯುವ ಧಾರಾಕಾರ ಮಳೆ ಬಿರುಸಾಗುತ್ತಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಬಳಿಕ ಜಲಾಶಯಗಳ ಒಳಹರಿವು, ಹೊರಹರಿವುಗಳನ್ನು ಪ್ರತಿದಿನ ನೋಡಿ. ಗಾಜನೂರಿನ ತುಂಗಾ ಜಲಾಶಯ ಚಿಕ್ಕದು, ಬೇಗ ತುಂಬಿ ಬಂದ ನೀರನ್ನು ಹಾಗೆಯೇ ಮುಂದಕ್ಕೆ ಬಿಡುತ್ತದೆ. ಲಕ್ಕವಳ್ಳಿಯ ಭದ್ರಾ 71.5 ಟಿಎಂಸಿಯಷ್ಟು (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ದೊಡ್ಡದು. ಮಟ್ಟ ಗರಿಷ್ಠವಾದ 186 ಅಡಿಗೆ ಸಮೀಪಿಸುವವರೆಗೆ ಅದು ನೆರೆಯನ್ನು ತಡೆಯಬಲ್ಲದು. ಎರಡರ ಗೇಟುಗಳೂ ಒಟ್ಟಿಗೆ ತೆರೆದಾಗ ಕೂಡಲಿಯ ಸಂಗಮದಿಂದ ಕೆಳಗೆ ಅಪಾಯ ಅತಿ ಹೆಚ್ಚು. ನೀರು ಹೊನ್ನಾಳಿಯನ್ನು ದಾಟಿದ ಮೇಲೆಯೇ ಹರಿಹರಕ್ಕೆ ಬರುವುದರಿಂದ, ಪಂಪ್‌ಸೆಟ್ಟು, ದನಕರು, ದವಸಗಳನ್ನು ಎತ್ತರಕ್ಕೆ ಸಾಗಿಸಲು ಹರಿಹರದವರಿಗೆ ತುಸು ಹೆಚ್ಚು ಸಮಯ ಸಿಗುತ್ತದೆ.

ಚಿತ್ರದುರ್ಗದ ವೇದಾವತಿಗೆ ಈ ಲೆಕ್ಕ ಹೊಂದದು. ಅದು ಬಾಬಾಬುಡನ್‌ಗಿರಿಯಲ್ಲಿ ಹುಟ್ಟಿದರೂ ಬಯಲುಸೀಮೆಯ ಮಳೆಯನ್ನೇ ಬಹಳವಾಗಿ ಅವಲಂಬಿಸಿದೆ. ಅದರ ಮೇಲಿನ ಜಲಾಶಯವಾದ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ.

ನಿಮ್ಮೂರಲ್ಲಿ ಮಳೆ ನಿಂತಿತೆಂದು ಪಂಪ್‌ಸೆಟ್ಟನ್ನು ಕೂಡಲೇ ಹೊಳೆಗೆ ಇಳಿಸಬೇಡಿ. ಘಟ್ಟದಲ್ಲಿ ಮಳೆ ತಗ್ಗಿ, ಎರಡೂ ಜಲಾಶಯಗಳ ಹೊರಹರಿವು ಸತತವಾಗಿ ಇಳಿಯುವವರೆಗೆ ಕಾಯಿರಿ.