ನಮ್ಮ ಹೊಳೆ ಹಿಡಿದು ಮೇಲಕ್ಕೆ ಹೋದದ್ದು

ನಾನು ಹುಟ್ಟಿದ್ದು ಜಮಖಂಡಿ ತಾಲೂಕಿನ, ಕೃಷ್ಣಾ ಹೊಳೆದಂಡೆಯ ಹಳ್ಳಿಯಲ್ಲಿ. ಮದುವೆಯಾಗಿ ಪುಣೆಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಧನಕವಡಿಯಲ್ಲಿ ಮನೆ. ಮಳೆಗಾಲದಲ್ಲಿ ಊರಿನಿಂದ ಫೋನ್ ಬಂದರೆ ಒಂದು ಮಾತು ತಪ್ಪುವುದಿಲ್ಲ: "ಮಹಾರಾಷ್ಟ್ರದವರು ನೀರು ಬಿಟ್ಟಾರ." 2019ರ ಆಗಸ್ಟ್‌ನಲ್ಲಿ ಹೊಳೆ ನಮ್ಮ ಪಡಸಾಲೆಗೇ ಬಂದಿತ್ತು. ಆಗ ತಮ್ಮ ಸಿಟ್ಟಿನಲ್ಲಿ ಕೇಳಿದ್ದ, "ಅಕ್ಕಾ, ನೀ ಅಲ್ಲೇ ಇದ್ದೀಯಲ್ಲ, ಎಲ್ಲಿಂದ ಬರ್ತೈತಿ ಇಷ್ಟು ನೀರು ಅಂತ ಒಮ್ಮೆ ಹೋಗಿ ನೋಡಬಾರದ?"

ನಿಜ ಹೇಳಬೇಕೆಂದರೆ ನಮ್ಮೂರಿನ ನೆರೆಯಲ್ಲಿ ಕೃಷ್ಣೆಯ ಜೊತೆ ಕೊಯ್ನಾ, ವಾರಣಾ, ಪಂಚಗಂಗೆ ಎಲ್ಲ ಸೇರಿರುತ್ತವೆ. ಆದರೂ ಅವನ ಮಾತು ಮನಸ್ಸಿನಲ್ಲಿ ಉಳಿಯಿತು. ಕೃಷ್ಣೆ ಹುಟ್ಟುವ ಮಹಾಬಳೇಶ್ವರ ಪುಣೆಯಿಂದ ಸುಮಾರು 120 ಕಿಲೋಮೀಟರ್. ನಾನು ಅಲ್ಲಿಗೆ ಹೋಗಿಲ್ಲ ಅಂತಲ್ಲ. ಒಮ್ಮೆ ಮೇ ತಿಂಗಳ ಭಾನುವಾರ ಯಜಮಾನರ ಆಫೀಸಿನವರ ಜೊತೆ ಕಾರಿನಲ್ಲಿ ಹೋಗಿದ್ದೆವು. ಪಸರಣಿ ಘಾಟಿನಲ್ಲಿ ಗಾಡಿಗಳ ಸಾಲು. ಮೇಲೆ ಹೋದರೆ ಕುದುರೆ, ಐಸ್‌ಕ್ರೀಮು, ಫೋಟೋದವರು. ಕೃಷ್ಣೆಯ ಮೂಲದ ಪಂಚಗಂಗೆ ಗುಡಿಯಲ್ಲಿ ಐದು ನಿಮಿಷ ನಿಂತಿದ್ದರೆ ಹೆಚ್ಚು. ಅದನ್ನು ನೋಡಿದ ಲೆಕ್ಕಕ್ಕೆ ನಾನು ಹಿಡಿಯುವುದಿಲ್ಲ.

2024ರ ಫೆಬ್ರವರಿಯಲ್ಲಿ ವೈನಿ ಊರಿನಿಂದ ಬಂದಿದ್ದರು. ನಮ್ಮ ದೊಡ್ಡಣ್ಣನ ಹೆಂಡತಿ. ಅವರನ್ನು ಹೊರಡಿಸಿದೆ. ಈ ಸಲ ಮೂರು ವಿಷಯ ಮೊದಲೇ ಗಟ್ಟಿ ಮಾಡಿಕೊಂಡೆ. ಕಾರು ಬೇಡ, ಎಸ್‌ಟಿ, ಅಂದರೆ ಸರ್ಕಾರಿ ಬಸ್ಸು. ಶನಿವಾರ ಭಾನುವಾರ ಬೇಡ. ಮತ್ತೆ, ಪ್ರತಿ ಊರಿನಲ್ಲೂ ಒಂದು ರಾತ್ರಿ ಮಲಗಿ ಬೆಳಗ್ಗೆ ಏಳಬೇಕು. ಗುಡಿಯ ಊರನ್ನು ಮಧ್ಯಾಹ್ನ ಹನ್ನೊಂದಕ್ಕೆ ಹೋಗಿ ನೋಡಿದರೆ ಕಾಣುವುದು ಚಪ್ಪಲಿ ಸ್ಟ್ಯಾಂಡ್ ಒಂದೇ. ಗೋಡೆಯ ಕ್ಯಾಲೆಂಡರ್ ನೋಡಿ ಸಂಕಷ್ಟಿಯನ್ನೂ ತಪ್ಪಿಸಿದೆ. ನಾವು ಮೊದಲು ಇಳಿಯಬೇಕಿದ್ದ ವಾಯಿ ಗಣಪತಿಯ ಊರು. ಸಂಕಷ್ಟಿಯ ದಿನ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಸ್ವಾರಗೇಟಿನಲ್ಲಿ ಬಸ್ಸು ಹತ್ತಿದೆವು. ಮಹಾರಾಷ್ಟ್ರದ ಎಸ್‌ಟಿಯಲ್ಲಿ 2023ರ ಮಾರ್ಚ್‌ನಿಂದ ಹೆಂಗಸರಿಗೆ ಅರ್ಧ ಟಿಕೆಟ್. ನಾನು ಹೆಮ್ಮೆಯಿಂದ ಹೇಳಿದೆ. ವೈನಿ ಮುಖ ಸಿಂಡರಿಸಿದರು. "ನಮ್ಮ ಕಡೆ ಪೂರಾ ಪುಕ್ಕಟ್ಟ ಐತಿ. ಇಲ್ಲಿ ಅರ್ಧಾ ಕೊಡಬೇಕೇನ?"

ವಾಯಿ ಪುಣೆಯಿಂದ ಸುಮಾರು ತೊಂಬತ್ತು ಕಿಲೋಮೀಟರ್. ಖಂಬಾಟಕಿ ಘಾಟ್ ಇಳಿದು ಸುರೂರಿನ ಹತ್ತಿರ ಹೆದ್ದಾರಿ ಬಿಟ್ಟರೆ ಸುತ್ತಲೂ ಗುಡ್ಡ, ನಡುವೆ ಕಬ್ಬು. ಊರಿನ ತುಂಬ ಹೊಳೆಯ ಘಾಟುಗಳು, ಅಂದರೆ ನೀರಿಗೆ ಇಳಿಯುವ ಮೆಟ್ಟಿಲುಗಳು. ಒಂದೊಂದು ಘಾಟು ಒಂದೊಂದು ಓಣಿಯದು. ಚಳಿಗಾಲ ಮುಗಿಯುವ ಹೊತ್ತಿಗೆ ಪ್ರತಿ ಓಣಿಯವರು ಸರದಿ ಹಿಡಿದು ಕೃಷ್ಣಾಬಾಯಿ ಉತ್ಸವ ಮಾಡುತ್ತಾರೆ. ಹೊಳೆಯನ್ನೇ ದೇವಿಯಾಗಿ ಕೂರಿಸಿ, ಸೀರೆ ಉಡಿಸಿ, ಊಟ ಹಾಕುತ್ತಾರೆ. ನಾವು ಹೋದಾಗ ಒಂದು ಘಾಟಿನಲ್ಲಿ ಮಂಟಪ ಎದ್ದಿತ್ತು. ವೈನಿಗೆ ಅದು ಬಹಳ ಹಿಡಿಸಿತು. ನಮ್ಮ ಕಡೆ ಹೊಳೆಗೆ ಬಾಗಿನ ಬಿಡುತ್ತೇವೆ, ಆದರೆ ಹೊಳೆಯನ್ನು ಕುರ್ಚಿ ಹಾಕಿ ಕೂರಿಸುವುದಿಲ್ಲ.

ಘಾಟಿನ ಹತ್ತಿರ ಒಂದು ಸಾದಾ ಲಾಡ್ಜಿನಲ್ಲಿ ಉಳಿದೆವು. ಬೆಳಗ್ಗೆ ಆರಕ್ಕೆ ನೀರಿನ ಮೇಲೆ ಮಂಜು. ನಾಲ್ಕೈದು ಹೆಂಗಸರು ಆಗಲೇ ಬಟ್ಟೆ ಒಗೆಯುತ್ತಿದ್ದರು. ಢೋಲ್ಯಾ ಗಣಪತಿಯ ಗುಡಿ ನೀರಿಗೆ ಅಂಟಿಕೊಂಡೇ ಇದೆ. 1762ರಲ್ಲಿ ಗಣಪತರಾವ್ ಭಿಕಾಜಿ ರಾಸ್ತೆ ಕಟ್ಟಿಸಿದ್ದು. ಗಣಪ ಒಂದೇ ಕಲ್ಲಿನವನು, ಹೆಸರಿಗೆ ತಕ್ಕ ಹಾಗೆ ಡೊಳ್ಳು ಹೊಟ್ಟೆ. ಎಲ್ಲರೂ ಮುಂದಿನಿಂದ ಕೈ ಮುಗಿದು ಹೋಗುತ್ತಾರೆ. ವೈನಿ ಮಾತ್ರ ಗುಡಿ ಸುತ್ತು ಹಾಕಿ ಹಿಂದೆ ಹೋದರು. ಸ್ವಲ್ಪ ಹೊತ್ತಿಗೆ ಕೂಗಿದರು, "ಇಲ್ಲಿ ಬಾ, ಇದನ್ನ ನೋಡು."

ಹಿಂದಿನ ಗೋಡೆ ನೆಟ್ಟಗಿಲ್ಲ. ಮೀನಿನ ಹಾಗೆ ಚೂಪಾಗಿದೆ. ಪ್ರವಾಹ ಬಂದಾಗ ನೀರು ಬಡಿದು ನಿಲ್ಲಬಾರದು, ಎರಡು ಕಡೆ ಸೀಳಿ ಹೋಗಬೇಕು ಅಂತ ಹಾಗೆ ಕಟ್ಟಿದ್ದಾರೆ. ನಾನು ಇದನ್ನು ಓದಿ ಬಂದಿದ್ದೆ, ವೈನಿಗೆ ಹೇಳಿರಲಿಲ್ಲ. ಅವರು ಗೋಡೆಯ ಮೂಲೆ ಮುಟ್ಟಿ ನೋಡಿದರು. "ಹೊಳಿ ಗೊತ್ತಿದ್ದಾವ ಕಟ್ಟ್ಯಾನ" ಅಂದರು. 2019ರಲ್ಲಿ ಅವರ ದನದ ಕೊಟ್ಟಿಗೆಯ ಗೋಡೆ ನೀರಿಗೆ ಎದುರಾಗಿ ನಿಂತು ಅಡ್ಡ ಬಿದ್ದಿತ್ತು.

ಪಕ್ಕದಲ್ಲೇ ಕಾಶಿ ವಿಶ್ವೇಶ್ವರನ ಗುಡಿ. ಅಲ್ಲಿಯ ಕರಿಕಲ್ಲಿನ ನಂದಿಯ ಕೊರಳಿನ ಸರವನ್ನು ಎಣಿಸುತ್ತ ಕೂರಬಹುದು. ಇನ್ನೊಂದು ಮಾತು. ಮರಾಠಿ ವಿಶ್ವಕೋಶದ ಕೆಲಸ ನಡೆದದ್ದು ಇದೇ ಊರಿನಲ್ಲಿ, ತರ್ಕತೀರ್ಥ ಲಕ್ಷ್ಮಣಶಾಸ್ತ್ರಿ ಜೋಶಿಯವರ ಮುಂದಾಳತ್ವದಲ್ಲಿ. ನಮ್ಮ ವಿಜಯಪುರಕ್ಕೂ ವಾಯಿಗೂ ಹಳೆಯ ಲೆಕ್ಕವೊಂದಿದೆ. 1659ರಲ್ಲಿ ಅಫಜಲಖಾನ ಶಿವಾಜಿಯ ಮೇಲೆ ಅಲ್ಲಿಂದ ದಂಡು ಕಟ್ಟಿಕೊಂಡು ಬಂದು ಇಲ್ಲೇ ಬೀಡುಬಿಟ್ಟಿದ್ದ. ಅದನ್ನು ಘಾಟಿನಲ್ಲಿ ಜೋರಾಗಿ ಹೇಳಬೇಡ ಅಂತ ವೈನಿಗೆ ಕಣ್ಸನ್ನೆ ಮಾಡಿದೆ.

ಮೇಣವಲಿ ಅಲ್ಲಿಂದ ಮೂರು ಕಿಲೋಮೀಟರ್. ರಿಕ್ಷಾ ಸಿಗುತ್ತದೆ, ನಾವು ನಡೆದೆವು. ಪೇಶ್ವೆಗಳ ಕಾರಭಾರಿ ನಾನಾ ಫಡ್ನವೀಸರ ವಾಡೆ ಅಲ್ಲಿದೆ. ವಾಡೆಯ ಹಿಂದೆ ಹೊಳೆಗೆ ಇಳಿಯುವ ಅರ್ಧಚಂದ್ರದಂಥ ಘಾಟು. ಘಾಟಿನ ಪಕ್ಕ ಒಂದು ಸಣ್ಣ ಕಟ್ಟಡದಲ್ಲಿ ದೊಡ್ಡ ಗಂಟೆ ತೂಗುತ್ತದೆ. ಹತ್ತಿರ ಹೋಗಿ ನೋಡಿದರೆ ಅದರ ಮೇಲೆ ಮೇರಿಯಮ್ಮ, ತೋಳಿನಲ್ಲಿ ಬಾಲ ಯೇಸು. 1707 ಅಂತ ವರ್ಷ. 1739ರಲ್ಲಿ ಚಿಮಾಜಿ ಅಪ್ಪಾ ಪೋರ್ಚುಗೀಸರಿಂದ ವಸಈ ಕೋಟೆ ಗೆದ್ದಾಗ ಅಲ್ಲಿಯ ಚರ್ಚುಗಳ ಗಂಟೆಗಳನ್ನು ತಂದರು, ಅದರಲ್ಲಿ ಇದೂ ಒಂದು. ವೈನಿ ಗಂಟೆಗೂ ಕೈ ಮುಗಿದರು, ಮೇರಿಯಮ್ಮನಿಗೂ ಮುಗಿದರು. ನೆರಳಿತ್ತು, ಜನ ಇರಲಿಲ್ಲ. ಬುತ್ತಿ ಬಿಚ್ಚಿದೆವು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ. ಎರಡು ಗಂಟೆ ಅಲ್ಲೇ ಕೂತಿದ್ದೆವು. ಇಡೀ ಪ್ರವಾಸದಲ್ಲಿ ನನಗೆ ಜಾಸ್ತಿ ನೆನಪಿರುವ ಜಾಗ ಅದೇ.

ಮುಂದೆ ಧೋಮ್, ಕೃಷ್ಣೆಗೆ ಅಣೆಕಟ್ಟು ಕಟ್ಟಿದ ಊರು. ಅಲ್ಲಿ ನರಸಿಂಹನ ಗುಡಿ, ಕಲ್ಲಿನ ಆಮೆಯ ಬೆನ್ನ ಮೇಲೆ ಕೂತ ನಂದಿ, ಅದರ ಸುತ್ತ ಕಮಲದ ಆಕಾರದ ಕೊಳ. ಕೊಳ ತುಂಬಿದಾಗ ಆಮೆ ಈಜಿದ ಹಾಗೆ ಕಾಣಬೇಕು. ನಾವು ಹೋದಾಗ ನೀರು ಅಷ್ಟಿರಲಿಲ್ಲ.

ಬೆಟ್ಟದ ಊರಿಗೆ ಹೋಗುವ ಉಪಾಯವನ್ನು ಬಿಡಿಸಿ ಹೇಳುತ್ತೇನೆ. ನಮ್ಮ ಕಡೆ ವಸ್ತಿ ಬಸ್ಸು ಅನ್ನುತ್ತೇವಲ್ಲ, ಸಂಜೆ ಹಳ್ಳಿಗೆ ಹೋಗಿ ಅಲ್ಲೇ ರಾತ್ರಿ ನಿಂತು ಬೆಳಗ್ಗೆ ವಾಪಸ್ ಬರುವುದು, ಅದಕ್ಕೆ ಇಲ್ಲಿ ಮುಕ್ಕಾಮಿ ಗಾಡಿ ಅನ್ನುತ್ತಾರೆ. ಬಸ್‌ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ ಯಾವ ಊರಿಗೆ ಮುಕ್ಕಾಮಿ ಗಾಡಿ ಇದೆ ಅಂತ ಕೇಳಿ. ಬಸ್ಸು ರಾತ್ರಿ ಉಳಿಯುವ ಊರು ಅಂದರೆ ರಸ್ತೆಯ ಕೊನೆಯ ಊರು. ಡ್ರೈವರ್ ಕಂಡಕ್ಟರ್ ಅಲ್ಲೇ ಮಲಗುತ್ತಾರೆ, ಅವರಿಗೆ ಊರಿನವರ ಗುರುತು ಇರುತ್ತದೆ. ಬೆಳಗಿನ ಬಸ್ಸು ತಪ್ಪುವ ಭಯವೂ ಇಲ್ಲ, ಕಣ್ಣ ಮುಂದೆಯೇ ನಿಂತಿರುತ್ತದೆ. ಕೈಯಲ್ಲಿ ರೊಕ್ಕ ಇರಲಿ. ಕಣಿವೆಯೊಳಗೆ ಮೊಬೈಲ್ ಸಿಗ್ನಲ್ ಹೋದರೆ ಸ್ಕ್ಯಾನ್ ಮಾಡಿ ಕೊಡುವ ಆಟ ನಡೆಯುವುದಿಲ್ಲ.

ನಾವು ಹೋದದ್ದು ಧೋಮ್ ಆಚೆ, ಬಲಕವಡಿ ಅಣೆಕಟ್ಟಿನ ಕಡೆಯ ಒಂದು ಹಳ್ಳಿಗೆ. ಊರಿನ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಕಂಡಕ್ಟರ್ ಹೇಳಿ ಉಳಿಸಿದ ಆಜಿಯ ಮನೆಯಲ್ಲಿ ಹೆಚ್ಚಿಗೆ ಇದ್ದ ಕೌದಿ ಎರಡೇ. ಆಜಿ ಒಲೆಯಲ್ಲಿ ರಾಗಿ ಭಾಕರಿ ಸುಟ್ಟರು, ಇಲ್ಲಿ ಅದಕ್ಕೆ ನಾಚಣಿ ಅಂತಾರೆ. ಜೋಳದ ನಾಡಿನ ವೈನಿ ಎರಡು ಭಾಕರಿ ತಿಂದು, ಮೂರನೆಯದನ್ನು ತಾವೇ ತಟ್ಟಲು ಕೂತರು. ಒಬ್ಬರಿಗೆ ಮರಾಠಿ ಬರುವುದಿಲ್ಲ, ಇನ್ನೊಬ್ಬರಿಗೆ ಕನ್ನಡ ಬರುವುದಿಲ್ಲ. ಕೌದಿಯ ಹೊಲಿಗೆ ತೋರಿಸಿಕೊಂಡೇ ಅರ್ಧ ತಾಸು ಮಾತಾಡಿದರು.

ನಾನು ನಡುವೆ ದುಭಾಷಿ. ನಾವು ಕೃಷ್ಣೆಯ ಕೆಳಗಿನ ದಂಡೆಯವರು, ಮಳೆಗಾಲದಲ್ಲಿ ನಿಮ್ಮ ನೀರು ನಮ್ಮ ಮನೆ ಹೊಗುತ್ತದೆ ಅಂತ ಹೇಳಿದೆ. ಸ್ವಲ್ಪ ದೂರಿನ ದನಿ ಬಂತೇನೋ. ಆಜಿ ಗುಡ್ಡದ ಕಡೆ ಕೈ ತೋರಿಸಿದರು. ಅಲ್ಲಿ ಹಸಿರಿನ ನಡುವೆ ಕೆಂಪು ಗಾಯದಂತೆ ಮಣ್ಣು ಜಾರಿದ ಗುರುತು. 2021ರ ಜುಲೈ ಮಳೆಯದು. ಆ ವಾರ ಸಾತಾರಾ ಜಿಲ್ಲೆಯ ಬೆಟ್ಟದ ಊರುಗಳಲ್ಲಿ ಗುಡ್ಡ ಕುಸಿದು ಜನ ಸತ್ತಿದ್ದರು. "ನಿಮಗೆ ನೀರು ಬರುತ್ತದೆ, ನಮಗೆ ಗುಡ್ಡವೇ ಬರುತ್ತದೆ" ಅಂದರು. ವೈನಿಗೆ ಅದನ್ನು ಕನ್ನಡದಲ್ಲಿ ಹೇಳಿದೆ. ಅವರು ಏನೂ ಅನ್ನಲಿಲ್ಲ, ಒಲೆಗೆ ಇನ್ನೊಂದು ಕಟ್ಟಿಗೆ ಇಟ್ಟರು. ಆದ್ದರಿಂದ ಯಾರಾದರೂ ಜಲಪಾತ ನೋಡಲು ಜುಲೈನಲ್ಲಿ ಈ ಒಳ ಊರುಗಳಿಗೆ ಹೋಗುತ್ತೇನೆ ಅಂದರೆ ಬೇಡ ಅನ್ನುತ್ತೇನೆ. ಅಕ್ಟೋಬರ್‌ನಿಂದ ಫೆಬ್ರವರಿ ಚೆಂದ.

ಬೆಳಗ್ಗೆ ಅದೇ ಬಸ್ಸಿನಲ್ಲಿ ವಾಯಿಗೆ ಬಂದು, ಪಂಚಗಣಿ ಮೇಲೆ ಹಾಯ್ದು ಮಹಾಬಳೇಶ್ವರ. ಇಲ್ಲಿ ಎಡವಟ್ಟಾಯಿತು. ಫೋನಿನಲ್ಲಿ ಮುಂಗಡ ತೆಗೆದುಕೊಂಡಿದ್ದ ಲಾಡ್ಜಿನವನು ನಮ್ಮ ಕೋಣೆಯನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದ. ಜಗಳ ಮಾಡಿ ಅರ್ಧ ದುಡ್ಡು ವಾಪಸ್ ಪಡೆದೆ. ವಾರದ ನಡುವಿನ ದಿನ, ಬೇರೆ ಕೋಣೆ ಹತ್ತು ನಿಮಿಷದಲ್ಲಿ ಸಿಕ್ಕಿತು. ಮುಂಗಡ ಕೊಡುವ ಗರಜೇ ಇರಲಿಲ್ಲ.

ಹಳೆಯ ಮಹಾಬಳೇಶ್ವರ, ಅಂದರೆ ಕ್ಷೇತ್ರ, ಪೇಟೆಯಿಂದ ಆರೇಳು ಕಿಲೋಮೀಟರ್. ಬೆಳಗ್ಗೆ ಏಳಕ್ಕೆ ತಲುಪಿದೆವು. ಗೋಕರ್ಣದವನೂ ಮಹಾಬಲೇಶ್ವರ, ಇವನೂ ಅವನೇ. ಪಂಚಗಂಗೆ ಗುಡಿಯಲ್ಲಿ ಕೃಷ್ಣಾ, ಕೊಯ್ನಾ, ವೆಣ್ಣಾ, ಸಾವಿತ್ರಿ, ಗಾಯತ್ರಿ, ಐದೂ ನೀರು ಬಂದು ಒಂದು ಕಲ್ಲಿನ ಗೋಮುಖದಿಂದ ಬೀಳುತ್ತವೆ. ಅಲ್ಲಿಂದ ಸ್ವಲ್ಪ ನಡೆದರೆ ಕೃಷ್ಣಾಬಾಯಿ ಗುಡಿ. ಇಷ್ಟು ಹತ್ತಿರವಿದ್ದರೂ ಜನ ಬರುವುದು ಕಡಿಮೆ. ಗೋಡೆಗೆಲ್ಲ ಪಾಚಿ. ಒಂದು ಗೋಮುಖ, ಕೆಳಗೆ ಒಂದು ಕುಂಡ. ಎದುರಿಗೆ ಕಣಿವೆ ತೆರೆದುಕೊಂಡು, ನಾವು ಮಲಗಿದ್ದ ಆಜಿಯ ಊರಿನ ದಿಕ್ಕಿಗೆ ಇಳಿಯುತ್ತದೆ.

ಗೋಮುಖದ ನೀರು ಹೆಬ್ಬೆರಳಿನಷ್ಟು ದಪ್ಪ. ವೈನಿ ಅದರ ಕೆಳಗೆ ಕೈ ಹಿಡಿದರು. "ಇಷ್ಟ?" ಅಂದರು. ಕೊಟ್ಟಿಗೆ ಬೀಳಿಸಿದ ಹೊಳೆ ಇದು ಅಂತ ನಂಬುವುದು ಅವರಿಗೆ ಕಷ್ಟವಾಯಿತು. ಆಮೇಲೆ ಚೀಲದಿಂದ ಬಾಟ್ಲಿ ತೆಗೆದು ತುಂಬಿಕೊಂಡರು, ಊರಿನ ದೇವರಕೋಣೆಗೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಬಿಸಿಲು. ಶಿರವಳ ದಾಟಿದ ಮೇಲೆ ನಿದ್ದೆಗಣ್ಣಿನಲ್ಲಿ ಕೈಗೆ ಸಿಕ್ಕ ಬಾಟ್ಲಿ ಎತ್ತಿ ಕುಡಿದುಬಿಟ್ಟೆ. ನೋಡಿದರೆ ಅದೇ. ವೈನಿ ಕಾತ್ರಜ್ ಬರುವ ತನಕ ಮಾತಾಡಲಿಲ್ಲ. "ಹೆಂಗೂ ಊರಿಗೆ ಬರೋ ನೀರೇ ಅಲ್ವಾ ವೈನಿ" ಅಂತ ಸಮಾಧಾನ ಮಾಡಲು ನೋಡಿದೆ.

"ಬಲಕವಡಿ ದಾಟಬೇಕು, ಧೋಮ್ ದಾಟಬೇಕು, ಆಮ್ಯಾಲ ನಮ್ಮೂರು" ಅಂದರು. "ಅದಕ್ಕ ಬಾಟ್ಲಿ ತುಂಬಿದ್ದೆ."