ಏರಿನಲ್ಲಿ ನಿಲ್ಲುತ್ತಿದ್ದ ಪುಟ್ಟ ಟ್ರ್ಯಾಕ್ಟರಿಗೆ ಚಕ್ರದ ಮೋಟಾರು ಬದಲಿಸಿದ್ದು

ಪಂಪು ತಳ್ಳುವ ಆಯಿಲಿನಿಂದ ಚಕ್ರದ ಮೋಟಾರು ತಿರುಗುವ ಗಾಡಿ ಏರು ಹತ್ತುವಾಗ ನಿಂತರೆ ಮೊದಲು ಚಕ್ರ ನೋಡಬೇಕು. ಚಕ್ರವೂ ನಿಂತು ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದರೆ ಆಯಿಲ್ ಬಿಟ್ಟುಕೊಡುವ ವಾಲ್ವು) ಕಿರುಗುಟ್ಟಿದರೆ ಮೋಟಾರಿಗೆ ತಿರುಚು ಬಲ (ಟಾರ್ಕ್) ಸಾಲದು. ಎಂಜಿನ್ನೇ ಉಸಿರುಗಟ್ಟಿದರೆ ಪಂಪನ್ನು ಜಾಸ್ತಿ ಎಳೆದಿದ್ದೀರಿ, ಲಿವರ್ ಹಿಂದೆ ಬಿಡಿ. ಒಂದು ಚಕ್ರ ಮಾತ್ರ ಗಿರಗಿರ ತಿರುಗಿ ಉಳಿದವು ಸುಮ್ಮನಿದ್ದರೆ ಎಷ್ಟು ದೊಡ್ಡ ಮೋಟಾರು ತಂದರೂ ದುಡ್ಡು ದಂಡ. ನಮ್ಮ ಗಾಡಿಗೆ ಮೊದಲನೆಯದೂ ಕೊನೆಯದೂ ಎರಡೂ ಇದ್ದವು.

ಗಾಡಿ ನಡುವೆ ಮಡಚಿ ತಿರುಗುವ ಜಾತಿಯದು. ನಾಲ್ಕು ಚಕ್ರಕ್ಕೂ ಒಂದೊಂದು ಹೈಡ್ರಾಲಿಕ್ ಮೋಟಾರು, ಗೇರ್‌ಬಾಕ್ಸ್ ಇಲ್ಲ. 22 ಎಚ್‌ಪಿ ಪೆಟ್ರೋಲ್ ಎಂಜಿನ್, ಒಂದು ಸುತ್ತಿಗೆ 18 ಸಿಸಿ ಆಯಿಲ್ ತಳ್ಳುವ ಪಿಸ್ಟನ್ ಪಂಪು, ನಿಮಿಷಕ್ಕೆ 3,000 ಸುತ್ತು ಓಡಿದರೆ ಸುಮಾರು 50 ಲೀಟರ್ ಆಯಿಲ್. ಟೈರು 23×8.5-12, ಭಾರ ಕೂತಾಗ ಅಚ್ಚಿನಿಂದ ನೆಲಕ್ಕೆ 28 ಸೆಂಟಿಮೀಟರ್. ಕಳೆ ಕೊಚ್ಚುವ ಯಂತ್ರ, ಚಾಲಕ ಎಲ್ಲ ಸೇರಿ ಒಂದು ಟನ್. ಕಾಫಿ ತೋಟದ ಏರು 20 ಡಿಗ್ರಿ.

ಲೆಕ್ಕ ಕಷ್ಟದ್ದಲ್ಲ. 20 ಡಿಗ್ರಿ ಏರಿನಲ್ಲಿ ಒಂದು ಟನ್ನನ್ನು ಎಳೆಯಲು 3,350 ನ್ಯೂಟನ್, ಮೆತ್ತನೆ ಮಣ್ಣಿನಲ್ಲಿ ಉರುಳಲು ಇನ್ನೊಂದು 740. ಒಟ್ಟು 4,090ನ್ನು 0.28ರಿಂದ ಗುಣಿಸಿದರೆ 1,145 ನ್ಯೂಟನ್ ಮೀಟರ್. ಇಷ್ಟು ನಾಲ್ಕು ಚಕ್ರ ಸೇರಿ ಕೊಡಬೇಕು. ಒಂದು ಮೋಟಾರು ಕೊಡುವ ಬಲ ಸಿಗಬೇಕಾದರೆ ಅದರ ಸಿಸಿಯನ್ನು (ಒಂದು ಸುತ್ತಿಗೆ ಕುಡಿಯುವ ಆಯಿಲ್) ಒತ್ತಡದ ಬಾರ್‌ನಿಂದ ಗುಣಿಸಿ 62.8ರಿಂದ ಭಾಗಿಸಿ. ನಿಂತಲ್ಲಿಂದ ಹೊರಡುವಾಗ ಅದರಲ್ಲಿ ಶೇ. 80 ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಹಳೆಯ ಮೋಟಾರು 125 ಸಿಸಿ, ರಿಲೀಫ್ 140 ಬಾರ್. ಒಂದಕ್ಕೆ 223, ನಾಲ್ಕಕ್ಕೆ 890. ಹತ್ತದೇ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ. 200 ಸಿಸಿ ಹಾಕಿದರೆ ಒಂದಕ್ಕೆ 357, ಒಟ್ಟು 1,427. ಇದಕ್ಕೆ ತೆರುವ ಬೆಲೆ ವೇಗ: ಗಂಟೆಗೆ ಹತ್ತು ಕಿಲೋಮೀಟರ್ ಹೋಗುತ್ತಿದ್ದ ಗಾಡಿ ಈಗ ಆರು ಹೋಗುತ್ತದೆ. ಇಳಿಜಾರಿನ ತೋಟದಲ್ಲಿ ಆರೇ ಹೆಚ್ಚು.

ರಿಲೀಫ್ ಸ್ಕ್ರೂ ಬಿಗಿ ಮಾಡಿ ಒತ್ತಡ ಏರಿಸುವ ಸುಲಭದ ದಾರಿ ಹಲವರು ಹೇಳುತ್ತಾರೆ. ಬೇಡ. ಪಂಪು, ಹೋಸು, ಸೀಲು ಎಲ್ಲದರ ಆಯುಸ್ಸು ಒಟ್ಟಿಗೆ ಇಳಿಯುತ್ತದೆ.

ಮೋಟಾರು ಕೊಳ್ಳುವ ಮುಂಚೆ 400 ಬಾರ್ ಗೇಜು ಹಾಕಿ ಒತ್ತಡ ನೋಡಿ. ಗಾಡಿಯನ್ನು ಗಟ್ಟಿ ಗೋಡೆಗೆ ಆನಿಸಿ, ಪೂರಾ ಥ್ರಾಟಲ್ ಕೊಟ್ಟು, ಲಿವರನ್ನು ನಿಧಾನ ತಳ್ಳಿ ಮೂರ್ನಾಲ್ಕು ಸೆಕೆಂಡು ಮಾತ್ರ ಹಿಡಿಯಬೇಕು. ತಣ್ಣಗಿದ್ದಾಗ 140 ತೋರಿಸಿ, ಒಂದು ಗಂಟೆ ದುಡಿದ ಮೇಲೆ 115ಕ್ಕೆ ಇಳಿದರೆ ಪಂಪು ಸವೆದಿದೆ, ಇಲ್ಲವೇ ಮೋಟಾರು ಒಳಗೇ ಸೋರುತ್ತಿದೆ. ಯಾವುದು ಎಂದು ತಿಳಿಯಲು ಒಂದೊಂದೇ ಮೋಟಾರಿನ ಡ್ರೈನ್ ಹೋಸು (ಒಳಗೆ ಸೋರಿದ ಆಯಿಲನ್ನು ಟ್ಯಾಂಕಿಗೆ ಒಯ್ಯುವುದು) ಬಿಚ್ಚಿ ಬಾಟಲಿಗೆ ಬಿಡಿ, ಅದೇ ಒತ್ತಡಕ್ಕೆ ಅಷ್ಟೇ ಹೊತ್ತಿನಲ್ಲಿ ಎಷ್ಟು ಬಂತು ಅಳೆಯಿರಿ. ನಾಲ್ಕರಲ್ಲಿ ಒಂದು ಮಾತ್ರ ಬಾಟಲಿ ತುಂಬಿಸಿದರೆ ಕಳ್ಳ ಸಿಕ್ಕ. ನಾಲ್ಕೂ ಸರಿಯಿದ್ದರೆ ಪಂಪಿನ ಕಡೆ ನೋಡಿ.

ಆರಿಸಿದ್ದು ವೀಲ್ ಮೋಟಾರ್ ನಮೂನೆ, ಡ್ಯಾನ್‌ಫಾಸ್ ಕಂಪನಿಯ ಓಎಂಎಸ್‌ಡಬ್ಲ್ಯು ತರಹದ್ದು. ಮಾಮೂಲಿ ಮೋಟಾರಿನಲ್ಲಿ ಫ್ಲ್ಯಾಂಜ್ (ಬೋಲ್ಟು ಹಾಕಿ ಕೂರಿಸುವ ತಟ್ಟೆ) ಶಾಫ್ಟಿನ ತುದಿಯ ಹತ್ತಿರ ಇರುತ್ತದೆ. ಇದರಲ್ಲಿ ಹಿಂದಕ್ಕೆ ಸರಿದಿದೆ, ಹಾಗಾಗಿ ಬೇರಿಂಗ್ ಚಕ್ರದ ಹೊಟ್ಟೆಯೊಳಗೇ ಕೂತು ಭಾರ ಹೊರುತ್ತದೆ. ಅಗಲ ಸಿಗಲಿ ಎಂದು ರಿಮ್ ತಿರುಗಿಸಿ ಹಾಕುವುದು, ಸ್ಪೇಸರ್ ಕೊಡುವುದು ಈ ಲಾಭವನ್ನೆಲ್ಲ ತಿಂದುಹಾಕುತ್ತದೆ. ಒಂದೇ ಸರಣಿಯಲ್ಲಿ 125ರಿಂದ 200ಕ್ಕೆ ಹೋದರೆ ಬೋಲ್ಟಿನ ತೂತು, ಶಾಫ್ಟು ಬದಲಾಗುವುದಿಲ್ಲ. ಒಳಗಿನ ಗೇರ್ ಸೆಟ್ ದಪ್ಪವಾಗಿ ಮೋಟಾರು ಹಿಂದಕ್ಕೆ ಸುಮಾರು ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ಚಾಸಿಯ ಒಳಗೆ ಅಷ್ಟು ಜಾಗ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಹಬ್ (ಶಾಫ್ಟಿಗೂ ಚಕ್ರಕ್ಕೂ ನಡುವಿನ ಭಾಗ) ಕೂರಿಸುವ ಕಡೆ ಅವಸರ ಮಾಡಬೇಡಿ. 35 ಮಿಮೀ ಟೇಪರ್ ಶಾಫ್ಟು (ತುದಿಯ ಕಡೆ ಸಣ್ಣದಾಗುವುದು), ಕೀ (ಶಾಫ್ಟಿಗೂ ಹಬ್ಬಿಗೂ ನಡುವೆ ಕೂರುವ ಲೋಹದ ತುಂಡು), ನಟ್ಟು. ಟೇಪರಿಗೆ ಗ್ರೀಸ್ ಹಚ್ಚಬಾರದು. ಪೆಟ್ರೋಲಿನಲ್ಲಿ ಒರೆಸಿ ಒಣಗಿಸಿ ಕೂರಿಸಬೇಕು. ಬಲ ಹೋಗಬೇಕಾದ್ದು ಟೇಪರಿನ ಹಿಡಿತದಿಂದ, ಕೀಯಿಂದ ಅಲ್ಲ. ಹಬ್ ಒಂದು ಕೂದಲೆಳೆ ಸಡಿಲವಾದರೂ ಮುಂದೆ ಹಿಂದೆ ಹೋಗುವ ಪ್ರತಿ ಸಲ ಕೀಗೆ ಪೆಟ್ಟು ಬಿದ್ದು, ಕಡೆಗೆ ಕೀ ಕತ್ತರಿಸಿ ಶಾಫ್ಟಿನಲ್ಲಿ ಕೀ ಕೂರುವ ಕಾಲುವೆಯೂ ಹರಿಯುತ್ತದೆ. ಟಾರ್ಕ್ ರೆಂಚಿನಲ್ಲಿ 200 ನ್ಯೂಟನ್ ಮೀಟರ್ ಹಾಕಿ, ಎರಡು ಗಂಟೆ ಓಡಿಸಿ ಮತ್ತೆ ಬಿಗಿ ಮಾಡಿದೆವು. ಎರಡನೇ ಸಲ ಕಾಲು ಸುತ್ತು ಹೋಯಿತು.

ಅರ್ಧ ಇಂಚಿನ ಪೋರ್ಟಿಗೆ ರಬ್ಬರ್ ಅಂಟಿಸಿದ ಡೌಟಿ ವಾಷರ್ ಹಾಕಿ. ಟೆಫ್ಲಾನ್ ಟೇಪ್ ಸುತ್ತಿದರೆ ಅದರ ಚೂರು ನೇರ ಮೋಟಾರಿನ ವಾಲ್ವಿಗೆ ಹೋಗಿ ಕೂರುತ್ತದೆ. ಹೋಸು ಎರಡು ತಂತಿಯ ಆರ್2 ಜಾತಿ. ನಡು ಮಡಚುವ ಜಾಗದಲ್ಲಿ ಬಾಗು 18 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಬಾರದು. ಗಾಡಿಯನ್ನು ಎಡಕ್ಕೂ ಬಲಕ್ಕೂ ಪೂರಾ ಮಡಚಿ ಅಳತೆ ತೆಗೆಯಿರಿ, ನೆಟ್ಟಗೆ ನಿಲ್ಲಿಸಿ ಅಳೆದ ಹೋಸು ಮೊದಲ ತಿರುವಿನಲ್ಲೇ ಕಿತ್ತು ಬರುತ್ತದೆ. ಡ್ರೈನ್ ಹೋಸು ಪ್ರತಿ ಮೋಟಾರಿನಿಂದಲೂ ನೇರ ಟ್ಯಾಂಕಿಗೆ, ನಡುವೆ ಫಿಲ್ಟರ್ ಕೂಡ ಬೇಡ. ಡ್ರೈನ್ ಮುಚ್ಚಿಟ್ಟರೆ ಚಾರ್ಜ್ ಒತ್ತಡ (ಸೋರಿದ ಆಯಿಲಿನ ಬದಲು ತುಂಬುವ ಸಣ್ಣ ಪಂಪಿನ ಒತ್ತಡ) ಪೂರಾ ಶಾಫ್ಟ್ ಸೀಲಿನ ಮೇಲೆ ಬಿದ್ದು, ಸೀಲು ಬೇಗ ಬಿಟ್ಟುಕೊಟ್ಟು ರಿಮ್ಮಿನ ಒಳಗೆಲ್ಲ ಆಯಿಲ್ ಕಾಣಿಸುತ್ತದೆ.

ಜೋಡಿಸಿದ ಮೇಲೆ ನಾಲ್ಕೂ ಚಕ್ರ ಎತ್ತಿ ಸ್ಟ್ಯಾಂಡ್ ಕೊಟ್ಟು, ಪಂಪಿನ ಹಾಗೂ ಮೋಟಾರಿನ ಒಡಲಿಗೆ ಮೊದಲೇ ಆಯಿಲ್ ತುಂಬಿ, ಲಿವರ್ ನಡುವಿನಲ್ಲಿಟ್ಟು ನಿಧಾನ ವೇಗದಲ್ಲಿ ಎಂಜಿನ್ ಓಡಿಸಿ. ಚಾರ್ಜ್ ಒತ್ತಡ 18 ಬಾರ್ ಹತ್ತಿರ ನಿಲ್ಲುವ ತನಕ ಲಿವರ್ ಮುಟ್ಟಬಾರದು. ಆಯಿಲ್ 46 ಗ್ರೇಡಿನಿಂದ ಇನ್ನೂ ಮಂದವಾದ 68ಕ್ಕೆ ಬದಲಿಸಿದೆವು. ಏರಿನಲ್ಲಿ ಆಯಿಲ್ 80 ಡಿಗ್ರಿ ಮುಟ್ಟುತ್ತದೆ, ತೆಳುವಾದಷ್ಟೂ ಒಳಸೋರಿಕೆ ಹೆಚ್ಚು. ಹಳೆಯ ಮೋಟಾರು ಒಳಗೇ ಪುಡಿಯಾಗಿದ್ದರೆ ಎಲ್ಲ ಹೋಸು ಬಿಚ್ಚಿ ತೊಳೆಯಲೇಬೇಕು. ಮುಚ್ಚಿದ ಸುತ್ತಿನಲ್ಲಿ ಆಯಿಲಿನ ಹೆಚ್ಚಿನ ಪಾಲು ಫಿಲ್ಟರ್ ಮುಟ್ಟದೆ ಪಂಪಿಗೂ ಮೋಟಾರಿಗೂ ನಡುವೆ ತಿರುಗುತ್ತಿರುತ್ತದೆ.

ಇಷ್ಟಾದರೂ 20 ಡಿಗ್ರಿಯಲ್ಲಿ ಮುಂದಿನ ಚಕ್ರ ಜಾರುತ್ತಿತ್ತು. ಏರಿನಲ್ಲಿ ಮುಂದಿನ ಅಚ್ಚಿನ ಭಾರ ಹಿಂದಕ್ಕೆ ಸರಿಯುತ್ತದೆ. ಅಚ್ಚುಗಳ ನಡುವೆ 1.1 ಮೀಟರ್, ಭಾರದ ಕೇಂದ್ರ 55 ಸೆಂಟಿಮೀಟರ್ ಎತ್ತರ ಎಂದು ಹಿಡಿದರೆ ಮುಂದಿನ ಒಂದೊಂದು ಚಕ್ರದ ಮೇಲೆ 1,470 ನ್ಯೂಟನ್ ಮಾತ್ರ. ಒಣ ಹುಲ್ಲಿನ ನೆಲದಲ್ಲಿ (ಹಿಡಿತ 0.6) ಅದು 246 ನ್ಯೂಟನ್ ಮೀಟರಿಗೇ ಜಾರುತ್ತದೆ. ನಾಲ್ಕೂ ಮೋಟಾರು ಒಂದೇ ಲೈನಿಗೆ ಕೂಡಿದ್ದರೆ ಆಯಿಲ್ ಸಸಾರದ ದಾರಿ ಹಿಡಿಯುತ್ತದೆ, ಹಿಂದಿನವೂ 246ರ ಮೇಲೆ ಏರುವುದಿಲ್ಲ. ನಾಲ್ಕು ಸೇರಿ 984. ಬೇಕಾದ್ದು 1,145.

ಇದಕ್ಕೆ ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ನಡುವೆ 50:50 ಫ್ಲೋ ಡಿವೈಡರ್ (ಆಯಿಲನ್ನು ಸಮಪಾಲು ಮಾಡುವ ವಾಲ್ವು) ಹಾಕಿದೆವು. ಹಿಂದಕ್ಕೆ ಚಲಿಸುವಾಗ ಕೂಡಿಸಲೂ ಬರುವಂಥ ಡಿವೈಡರ್-ಕಂಬೈನರ್ ಆಗಬೇಕು. ನಡು ಮಡಚುವ ಗಾಡಿಯಲ್ಲಿ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲೇ ಬರುವುದರಿಂದ ತಿರುವಿನಲ್ಲೂ ಇದು ಅಡ್ಡಿ ಮಾಡುವುದಿಲ್ಲ. ಎಡ-ಬಲದ ನಡುವೆ ಹಾಕಿದ್ದರೆ ಗಾಡಿ ತಿರುಗುತ್ತಲೇ ಇರಲಿಲ್ಲ. ಡಿವೈಡರ್ 10 ಬಾರ್ ತಿನ್ನುತ್ತದೆ. ಆಗ ಹಿಂದಿನವು ಎರಡಕ್ಕೆ 663, ಮುಂದಿನವು 492, ಒಟ್ಟು 1,155. ಅಂಚಿನಲ್ಲೇ ಇದೆ. ಅದಕ್ಕೇ ಮುಂದಿನ ಬಂಪರಿಗೆ 60 ಕೆಜಿ ಕಬ್ಬಿಣ ಕಟ್ಟಿದ್ದು. ಮಳೆಗಾಲದ ಜಾರು ಮಣ್ಣಿನಲ್ಲಿ ಹಿಡಿತ 0.35ಕ್ಕೆ ಇಳಿದರೆ ನಾಲ್ಕೂ ಚಕ್ರ ಸೇರಿ 3,230 ನ್ಯೂಟನ್ ಮಾತ್ರ ಸಿಗುತ್ತದೆ, ಗಾಡಿಯ ಭಾರವೇ 3,350 ಕೆಳಕ್ಕೆ ಎಳೆಯುತ್ತಿರುತ್ತದೆ. ಆಗ ಶೆಡ್ಡಿನಲ್ಲಿರಲಿ.

ಈ ಜಾತಿಯ ಮೋಟಾರು ಎಂಜಿನ್ ಆರಿಸಿದ ಮೇಲೆ ಒಳಗೇ ಸೋರಿ ಗಾಡಿಯನ್ನು ಇಂಚಿಂಚು ಕೆಳಗೆ ಬಿಡುತ್ತದೆ. ಹಿಂದಿನ ಎರಡಕ್ಕೆ ಸ್ಪ್ರಿಂಗಿನಿಂದ ಹಿಡಿದು ಒತ್ತಡದಿಂದ ಬಿಡುವ ಬ್ರೇಕಿರುವ ಮೋಟಾರು ಬೇಕಾಯಿತು. ಒಂದೊಂದು ಕನಿಷ್ಠ 470 ನ್ಯೂಟನ್ ಮೀಟರ್ ಹಿಡಿಯಬೇಕು, ನಾವು 600ರದ್ದು ತೆಗೆದುಕೊಂಡೆವು. ಉದ್ದ ಬೇರೆ ಇದ್ದದ್ದರಿಂದ ಬ್ರ್ಯಾಕೆಟ್ ಹೊಸದಾಗಿ ಮಾಡಿಸಬೇಕಾಯಿತು. ಬ್ರೇಕ್ ಬಿಡಲು ಬೇಕಾದ ಒತ್ತಡ ನಿಮ್ಮ ಚಾರ್ಜ್ ಒತ್ತಡಕ್ಕಿಂತ ಕಡಿಮೆ ಇರಬೇಕು. 25 ಬಾರ್ ಬೇಡುವ ಬ್ರೇಕನ್ನು 18 ಬಾರ್ ಲೈನಿಗೆ ಕೊಟ್ಟರೆ ಅರ್ಧ ಹಿಡಿದೇ ಓಡಿ ಪ್ಲೇಟು ಸುಟ್ಟುಹೋಗುತ್ತದೆ. ಇಳಿಜಾರಿನಲ್ಲಿ ನಿಲ್ಲಿಸುವಾಗ ಮೂತಿ ಮೇಲಕ್ಕಿರಲಿ. ಮೂತಿ ಕೆಳಗಾದರೆ ಹಿಂದಿನ ಚಕ್ರದ ಮೇಲೆ ಭಾರವಿಲ್ಲದೆ ಬ್ರೇಕ್ ಹಿಡಿದಂತೆಯೇ ಟೈರು ಜಾರುತ್ತದೆ. ಹೇಗೆ ನಿಲ್ಲಿಸಿದರೂ ಚಕ್ರಕ್ಕೆ ಮರದ ದಿಮ್ಮಿ ಕೊಡಿ.