ಮಾರಿದ ನಾಣ್ಯ ವಾಪಸ್ ಬಂದಾಗ

ಆನ್‌ಲೈನ್‌ನಲ್ಲಿ ಹಳೇ ನಾಣ್ಯ ಮಾರುವ ಮೈಸೂರು, ಮಂಡ್ಯದ ಗೆಳೆಯರೇ, ವಾಪಸಾತಿ ಜಗಳದಲ್ಲಿ ಗೆಲ್ಲುವುದು ಕಳಿಸುವ ಮುಂಚೆ ಮಾಡಿದ ಕೆಲಸವೇ.

ಹೆಚ್ಚಾಗಿ ಆಗುವ ಮೋಸ ಅದಲುಬದಲು: ನಿಮ್ಮ ಒಳ್ಳೇ ನಾಣ್ಯ ಇಟ್ಟುಕೊಂಡು ಸವೆದದ್ದನ್ನು ಕಳಿಸುತ್ತಾರೆ. ಅದಕ್ಕೇ 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ, ಅಂಕಿ ಕಾಣುವಂತೆ ಫೋಟೊ ತೆಗೆಯಿರಿ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ 11.66 ಗ್ರಾಂ ಇರಬೇಕು, ಸವೆದಿದ್ದರೆ ತುಸು ಕಮ್ಮಿ. ಆದರೆ ಎರಡು ರೂಪಾಯಿಗಳ ತೂಕ ಒಂದೇ ಬರಬಹುದು, ಅಂಚಿನ ಗಾಯ ಒಂದೇ ಇರುವುದಿಲ್ಲ. ಎರಡೂ ಮುಖದ ಜೊತೆ ಅಂಚನ್ನೂ ನಾಲ್ಕು ಕಡೆಯಿಂದ ಹತ್ತಿರದಿಂದ ತೆಗೆಯಿರಿ. ಶ್ರೀರಂಗಪಟ್ಟಣದಲ್ಲಿ ಟಂಕಿಸಿದ ಟಿಪ್ಪುವಿನ ಆನೆ ಪೈಸೆಯಂಥ ತಾಮ್ರದ ನಾಣ್ಯದಲ್ಲಿ ಗುರುತು ಹಿಡಿಯುವುದು ಇನ್ನೂ ಸುಲಭ. ಕೈಯಿಂದ ಹೊಡೆದದ್ದು, ಒಂದರ ಆಕಾರ ಇನ್ನೊಂದಕ್ಕಿಲ್ಲ.

ನಾಣ್ಯವನ್ನು ರಟ್ಟಿನ ಹೋಲ್ಡರಿಗೆ ಹಾಕಿ ಪಿನ್ ಹೊಡೆದು, ಹೋಲ್ಡರಿನ ಅಂಚಿನ ಮೇಲೆ ಸಹಿ ಮಾಡಿದ ಚೀಟಿ ಅಂಟಿಸಿ. ‘ಚೀಟಿ ಹರಿದರೆ ವಾಪಸ್ ಇಲ್ಲ’ ಎಂದು ಜಾಹೀರಾತಿನಲ್ಲೇ ಬರೆಯಿರಿ. ಹುಣಸೆಹಣ್ಣು ಹಾಕಿ ಉಜ್ಜಿ ಹೊಳೆಸಿ ವಾಪಸ್ ಕಳಿಸುವವರೂ ಇದ್ದಾರೆ, ಹಳೇ ಬಣ್ಣ ಹೋದ ತಾಮ್ರಕ್ಕೆ ಸಂಗ್ರಾಹಕರು ಅರ್ಧ ಬೆಲೆಯನ್ನೂ ಕೊಡಲೊಪ್ಪರು. ನಾಣ್ಯ ನಕಲಿ ಎಂಬ ದೂರು ಬಂದರೆ ಮಾತ್ರ ಚೀಟಿಯ ಷರತ್ತು ಹಿಡಿದು ವಾದಿಸಬೇಡಿ, ತರಿಸಿಕೊಂಡು ಪರೀಕ್ಷಿಸಿ.

ವಾಪಸ್ ಬಂದ ಪೊಟ್ಟಣವನ್ನು ಬಿಚ್ಚುವ ಮುಂಚೆ ತೂಗಿ, ವಿಡಿಯೊ ನಿಲ್ಲಿಸದೆ ಬಿಚ್ಚಿ, ಅಲ್ಲೇ ನಾಣ್ಯವನ್ನೂ ತೂಗಿ. ಹಳೇ ಫೋಟೊ ಜೊತೆ ತಾಳೆಯಾದ ಮೇಲೆ ದುಡ್ಡು ಹಿಂದಿರುಗಿಸಿ, ಆಮೇಲೆ ಒಂದು ದಿನವೂ ತಡ ಮಾಡಬೇಡಿ.